ಟಂಕಸಾಲೆಯ ತಪ್ಪೋ, ಅಚ್ಚಿನ ಭೇದವೋ, ಖೋಟಾ ಕೆಲಸವೋ: ನಾಣ್ಯದ ದೋಷ ಪತ್ತೆಹಚ್ಚುವ ಕೈಪಿಡಿ

ಮೈಸೂರಿನಲ್ಲಿ ನನ್ನ ಬಳಿಗೆ ನಾಣ್ಯ ಹಿಡಿದು ಬರುವವರಲ್ಲಿ ಬಹುಪಾಲು ಮಂದಿ ಮೊದಲು ಕೇಳುವುದು ಅದರ ಬೆಲೆಯನ್ನು. ನಾನು ಕೇಳುವ ಪ್ರಶ್ನೆ ಬೇರೆ: ಈ ವಿಕಾರ ನಾಣ್ಯದ ಹುಟ್ಟಿನ ಯಾವ ಘಟ್ಟದಲ್ಲಿ ಆಗಿರಲು ಸಾಧ್ಯ? ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ ಆಯಿತೇ, ಅಚ್ಚು ತಯಾರಾಗುವಾಗಲೋ ಸವೆಯುವಾಗಲೋ ಆಯಿತೇ, ಅಚ್ಚಿನ ಪೆಟ್ಟು ಬಿಲ್ಲೆಯ ಮೇಲೆ ಬೀಳುವ ಆ ಕ್ಷಣದಲ್ಲಿ ಆಯಿತೇ, ಇಲ್ಲವೇ ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆಯಿತೇ? ಮೊದಲ ಮೂರರಲ್ಲಿ ಯಾವುದಕ್ಕೂ ಅದನ್ನು ಸೇರಿಸಲು ಆಗದಿದ್ದರೆ, ನೋಡಲು ಎಷ್ಟೇ ಸೋಜಿಗವಾಗಿದ್ದರೂ ಅದನ್ನು ನಾಲ್ಕನೆಯದಕ್ಕೆ ಸೇರಿಸಿ ಸುಮ್ಮನಾಗಬೇಕು. ಈ ಬರಹದ ಉದ್ದಕ್ಕೂ ನಾನು ಅನುಸರಿಸುವ ಕ್ರಮ ಇದೊಂದೇ.

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ಓರೆಯಾಗಿ ಬೆಳಕು ಬೀಳಿಸಬಹುದಾದ ಟೇಬಲ್ ಲ್ಯಾಂಪ್ ಇದ್ದರೆ ಸಾಕು. ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಅದೇ ಮುಖಬೆಲೆಯ, ಸಾಧ್ಯವಾದರೆ ಅದೇ ವರ್ಷದ, ಯಾವ ವಿಶೇಷವೂ ಇಲ್ಲದ ಮತ್ತೊಂದು ನಾಣ್ಯ. ಪಕ್ಕದಲ್ಲಿ ಸರಿಯಾದುದು ಇಲ್ಲದೆ ತಪ್ಪಾದುದನ್ನು ಗುರುತಿಸಲು ಹೋಗಿ ನಾನೇ ಹಲವು ಬಾರಿ ಬೇಸ್ತು ಬಿದ್ದಿದ್ದೇನೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ತೊಳೆಯಬಾರದು. ನಮ್ಮ ಕಡೆ ತಾಮ್ರ ಕಂಡರೆ ಹುಣಸೆಹಣ್ಣು ಹಾಕಿ ಉಜ್ಜುವ ಕೈ ಸುಮ್ಮನಿರುವುದಿಲ್ಲ. ಹಾಗೆ ಉಜ್ಜಿದ ಟಿಪ್ಪು ಕಾಲದ ಪೈಸೆ ಹೊಸ ಚೊಂಬಿನಂತೆ ನಸುಗೆಂಪಾಗಿ ಹೊಳೆಯುತ್ತದೆ, ಮತ್ತು ಅದು ಅಸಲಿ ಎನ್ನಲು ಇದ್ದ ಮುಖ್ಯ ಸಾಕ್ಷ್ಯವೇ ತೊಳೆದುಹೋಗಿರುತ್ತದೆ.

ಕೈಯಿಂದ ಹೊಡೆದದ್ದೋ, ಯಂತ್ರದಿಂದ ಹೊಡೆದದ್ದೋ

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಬಂದ ಆನೆಯ ಪೈಸೆಗಳೂ, ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ತಾಮ್ರದ ಕಾಸುಗಳೂ ಕೈಪೆಟ್ಟಿನಿಂದ ಆದವು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಬರಹದ ಒಂದು ಭಾಗ ನಾಣ್ಯದ ಹೊರಗೆ ಉಳಿದುಬಿಡುವುದು ಸಾಮಾನ್ಯ ಸಂಗತಿ. ಆದ್ದರಿಂದ ಆನೆಯ ಸೊಂಡಿಲು ಅರ್ಧಕ್ಕೆ ಕತ್ತರಿಸಿರುವುದನ್ನು ಅಥವಾ ‘ಚಾಮುಂಡಿ’ ಎಂಬ ಅಕ್ಷರಗಳಲ್ಲಿ ಎರಡು ಮಾತ್ರ ಮೂಡಿರುವುದನ್ನು ಅಚ್ಚು ತಪ್ಪಿದ ಅಪರೂಪದ ನಾಣ್ಯವೆಂದು ಹೇಳುವವರ ಮಾತಿಗೆ ಕಿವಿಗೊಡಬೇಕಿಲ್ಲ. ಇಂಥ ನಾಣ್ಯಗಳಲ್ಲಿ ಎಲ್ಲ ಅಕ್ಷರವೂ ಪೂರ್ತಿ ಬಿದ್ದಿರುವುದೇ ಅಪರೂಪ.

ಟಿಪ್ಪುವಿನ ನಾಣ್ಯಗಳ ಇಸವಿ ಇನ್ನೊಂದು ಗೊಂದಲದ ಮೂಲ. ಆತ 1787ರ ಸುಮಾರಿಗೆ ಹಿಜರಿ ಶಕವನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ತಂದ. 1201ರ ಮುಂದಿನದಾಗಿ 1215 ಬಂತು, ಅಷ್ಟೇ ಅಲ್ಲದೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಯಿತು. ಪರ್ಷಿಯನ್ ಅಂಕಿಗಳನ್ನು ಕಷ್ಟಪಟ್ಟು ಕಲಿತವರು ಎಡದಿಂದ ಓದಿ 5121 ಎಂಬ ಇಸವಿ ಕಂಡು ಗಾಬರಿಯಾಗುತ್ತಾರೆ. ಅದು ಕೆತ್ತಿದವನ ತಪ್ಪಲ್ಲ, 1215 ಎಂದೇ ಓದಬೇಕು. ಆನೆ ಎಡಕ್ಕೆ ಮುಖ ಮಾಡಿದ್ದೂ ಬಲಕ್ಕೆ ಮಾಡಿದ್ದೂ ಎರಡೂ ಉಂಟು. ಇವು ಅಚ್ಚಿನ ಭೇದಗಳು, ದೋಷಗಳಲ್ಲ.

ದೋಷವೆಂದು ಕಾಣುವ, ದೋಷವಲ್ಲದ ಗುರುತುಗಳು

ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗಿನ ಚಿಕ್ಕ ಗುರುತು ಯಾವ ಟಂಕಸಾಲೆಯದು ಎಂಬುದನ್ನು ಹೇಳುತ್ತದೆ: ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ‘ಗುರುತೇ ಇಲ್ಲದ ನಾಣ್ಯ’ ಎಂದು ಹೆಚ್ಚು ಬೆಲೆ ಹೇಳುವವರು ಮಾರುತ್ತಿರುವುದು ಸಾಮಾನ್ಯವಾಗಿ ಕೋಲ್ಕತ್ತದ ನಾಣ್ಯವನ್ನು. 1985ರ ಒಂದು ರೂಪಾಯಿಯಲ್ಲಿ ಕಾಣುವ ‘ಎಚ್’ ಅಕ್ಷರ ಬರ್ಮಿಂಗ್‌ಹ್ಯಾಮಿನಲ್ಲಿ ಟಂಕಿಸಿದ್ದರ ಗುರುತು. 1943ರಿಂದ 1945ರವರೆಗಿನ ಕೆಲವು ನಾಣ್ಯಗಳ ‘ಎಲ್’ ಅಕ್ಷರ ಲಾಹೋರಿನದು. 1862 ಎಂಬ ಇಸವಿಯುಳ್ಳ ವಿಕ್ಟೋರಿಯಾ ರೂಪಾಯಿಗಳು 1874ರವರೆಗೂ ಅದೇ ಇಸವಿಯಲ್ಲಿ ಬರುತ್ತಲೇ ಇದ್ದವು. ಅವುಗಳಲ್ಲಿ ಇಸವಿಯ ಆಸುಪಾಸಿನಲ್ಲಿ ಕಾಣುವ ಚುಕ್ಕೆಗಳು ನಿಜವಾಗಿ ಟಂಕಿಸಿದ ವರ್ಷವನ್ನು ಸೂಚಿಸಲು ಬೇಕೆಂದೇ ಇಟ್ಟವು. ಅವನ್ನು ಎಣಿಸಿ ಭೇದಗಳನ್ನು ವಿಂಗಡಿಸುವುದು ಸೊಗಸಾದ ಹವ್ಯಾಸ, ಆದರೆ ಅಚ್ಚಿನ ಮೇಲೆ ಕೊಳೆ ಬಿದ್ದದ್ದರಿಂದ ಆದ ಚುಕ್ಕೆ ಎಂದು ಅದನ್ನು ದೋಷಗಳ ಸಾಲಿಗೆ ಹಾಕಬಾರದು.

ಹತ್ತು ರೂಪಾಯಿಯ ನಾಣ್ಯದ ಗಲಾಟೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಅದನ್ನು ನಕಲಿ ಎಂದು ಹಿಂದಕ್ಕೆ ಕೊಟ್ಟದ್ದುಂಟು. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬ ಮಾತು ಹಬ್ಬಿತ್ತು. 2018ರ ಜನವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಅದುವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ಸ್ಪಷ್ಟಪಡಿಸಿತು. ರೂಪಾಯಿ ಚಿಹ್ನೆ ನಾಣ್ಯಗಳಿಗೆ ಬಂದದ್ದು 2011ರಲ್ಲಿ. ಅದಕ್ಕೂ ಹಿಂದಿನ ನಾಣ್ಯದಲ್ಲಿ ಚಿಹ್ನೆ ಇಲ್ಲವೆಂದು ಅನುಮಾನಿಸುವುದರಲ್ಲಿ ಅರ್ಥವಿಲ್ಲ.

ಒಂದು ಮುಖ ಸರಿ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ

ಈ ಲಕ್ಷಣದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಅತಿ ಹೆಚ್ಚು ಹಣ ಕೈಬಿಡುವುದು ಇಲ್ಲಿಯೇ. ನಾಣ್ಯ ಸಂಗ್ರಾಹಕರು ಇದನ್ನು ಬ್ರಾಕೇಜ್ ಎನ್ನುತ್ತಾರೆ. ಸಂತೆಯ ಮಾತಿನಲ್ಲಿ ‘ಲಖಿ’ ಎಂಬ ಹೆಸರೂ ಇದೆ. ಈಗಷ್ಟೇ ಪೆಟ್ಟು ತಿಂದ ನಾಣ್ಯ ಕೆಳಗೆ ಜಾರದೆ ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದೆ ಬರುವ ಬಿಲ್ಲೆಗೆ ಒಂದು ಕಡೆ ಅಚ್ಚು, ಇನ್ನೊಂದು ಕಡೆ ಆ ಅಂಟಿಕೊಂಡ ನಾಣ್ಯ ತಾಗುತ್ತದೆ. ನಾಣ್ಯದ ಉಬ್ಬು ಚಿತ್ರ ಬಿಲ್ಲೆಯಲ್ಲಿ ತಗ್ಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ.

ಒಮ್ಮೆ ಮದ್ದೂರಿನ ಕಡೆಯ ಯುವಕನೊಬ್ಬ ಒಂದು ರೂಪಾಯಿಯ ಉಕ್ಕಿನ ನಾಣ್ಯ ತಂದಿದ್ದ. ಒಂದು ಮುಖದಲ್ಲಿ ಸಿಂಹಮುದ್ರೆ ಸರಿಯಾಗಿತ್ತು, ಹಿಂದೆ ಅದೇ ಸಿಂಹ ತಗ್ಗಾಗಿ ತಿರುಗಿ ನಿಂತಿತ್ತು. ಎರಡು ಸಾವಿರಕ್ಕೆ ಕೊಂಡದ್ದಂತೆ. ಮೇಲುನೋಟಕ್ಕೆ ನನಗೂ ಸರಿಯೆನಿಸಿತು. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಲೂಪ್ ಹಿಡಿದಾಗ, ತಗ್ಗು ಸಿಂಹದ ಸುತ್ತಲಿನ ಬಯಲಿನಲ್ಲಿ, ಅಂದರೆ ಚಿತ್ರವಿಲ್ಲದ ಸಮತಟ್ಟು ಜಾಗದಲ್ಲಿ, ‘1’ ಎಂಬ ಅಂಕಿಯ ಕಾಲು ಮಸುಕಾಗಿ ಚಪ್ಪಟೆಯಾಗಿ ಕಂಡಿತು. ಅಲ್ಲಿಗೆ ತೀರ್ಮಾನವಾಯಿತು. ನಿಜವಾದ ಬ್ರಾಕೇಜಿನಲ್ಲಿ ಆ ಬದಿಯ ಅಚ್ಚು ಬಿಲ್ಲೆಗೆ ತಾಗಿರುವುದೇ ಇಲ್ಲ. ಆದ್ದರಿಂದ ಅಲ್ಲಿರಬೇಕಾಗಿದ್ದ ಅಂಕಿಯ ಸುಳಿವೂ ಇರಲು ಸಾಧ್ಯವಿಲ್ಲ. ಯಾರೋ ಎರಡು ನಾಣ್ಯಗಳನ್ನು ಬೆನ್ನಿಗೆ ಮುಖವಿಟ್ಟು ವೈಸ್ ಎಂಬ ಕಬ್ಬಿಣದ ಇಕ್ಕಳದಲ್ಲಿ ಬಿಗಿದು ಅದುಮಿದ್ದರು. ಮುಂಭಾಗದ ಸಿಂಹವನ್ನು ಮತ್ತೆ ನೋಡಿದರೆ ಅದರ ಎದೆಯ ಕೇಸರಗಳು ಕಬ್ಬಿಣದ ದವಡೆಗೆ ಸಿಕ್ಕಿ ನೆಲಸಮವಾಗಿದ್ದವು, ಹೊಳಪು ಮಾತ್ರ ಉಳಿದಿತ್ತು. “ಹಂಗಾದ್ರೆ ಇದು ಬರೀ ಒಂದ್ರೂಪಾಯಿನಾ ಸಾರ್?” ಎಂದ. ಅಷ್ಟೂ ಇಲ್ಲ, ಅಂಗಡಿಯವನು ತೆಗೆದುಕೊಳ್ಳುವುದೂ ಅನುಮಾನ ಎಂದು ಹೇಳಬೇಕಾಯಿತು.

ಪೆಟ್ಟು, ಬಿಲ್ಲೆ, ಅಚ್ಚು: ಉಳಿದ ಲಕ್ಷಣಗಳು

ಅಂಚು ಕಮಾನಿನಂತೆ ಕಚ್ಚಿಹೋಗಿದ್ದರೆ, ಬಿಲ್ಲೆ ಕತ್ತರಿಸುವಾಗ ಹಾಳೆಯ ಹಳೆಯ ತೂತಿನ ಮೇಲೆ ಕತ್ತರಿ ಬಿದ್ದಿರಬಹುದು. ಇದನ್ನು ಅರದಿಂದ ಉಜ್ಜಿದ್ದರಿಂದ ಬೇರ್ಪಡಿಸಲು ಎರಡು ಸ್ಥಳಗಳನ್ನು ನೋಡಬೇಕು. ಕಚ್ಚಿದ ಜಾಗಕ್ಕೆ ನೇರ ಎದುರಿನ ದಂಡೆ, ಅಂದರೆ ಅಂಚಿನ ಉಬ್ಬಿದ ಸುತ್ತು, ಅಸಲಿ ದೋಷದಲ್ಲಿ ಬಹಳ ಸಲ ಮಸುಕಾಗಿರುತ್ತದೆ, ಏಕೆಂದರೆ ಬಿಲ್ಲೆಯ ದಂಡೆ ಎಬ್ಬಿಸುವ ಯಂತ್ರಕ್ಕೆ ಅಲ್ಲಿ ಒತ್ತಡ ಸಿಕ್ಕಿರುವುದಿಲ್ಲ. ಎರಡನೆಯದಾಗಿ, ಕಚ್ಚಿದ ಜಾಗದ ಪಕ್ಕದ ಅಕ್ಷರಗಳು ಆ ಕಡೆಗೆ ಎಳೆದಂತೆ ಸಣ್ಣಗಾಗಿ ಹೋಗಿರುತ್ತವೆ. ಅರ ಹಾಕಿದ್ದರೆ ಅಕ್ಷರ ಕತ್ತಿಯಿಂದ ಕಡಿದಂತೆ ಥಟ್ಟನೆ ನಿಲ್ಲುತ್ತದೆ, ಲೂಪಿನಲ್ಲಿ ಸಮಾನಾಂತರ ಗೀರುಗಳೂ ಕಾಣುತ್ತವೆ.

ಅಕ್ಷರಗಳು ಎರಡೆರಡಾಗಿ ಕಾಣುವ ನಾಣ್ಯಗಳಲ್ಲಿ ಬಹುತೇಕ ಎಲ್ಲವೂ ಬೆಲೆಯಿಲ್ಲದವು. ಪೆಟ್ಟು ಬಿದ್ದ ಮೇಲೆ ಅಚ್ಚು ಸಡಿಲವಾಗಿ ಅಲುಗಿದರೆ ಅಕ್ಷರದ ಒಂದು ಬದಿ ತಳ್ಳಿದಂತಾಗಿ ತಗ್ಗಿನ, ಚಪ್ಪಟೆಯಾದ ಮೆಟ್ಟಿಲೊಂದು ಉಂಟಾಗುತ್ತದೆ. ಉಕ್ಕಿನ ನಾಣ್ಯಗಳಲ್ಲಿ ಇದು ಧಾರಾಳ. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ ಸ್ವಲ್ಪ ಸರಿದು ಬಿದ್ದಿದ್ದರೆ ಮಾತ್ರ ಎರಡೂ ಅಕ್ಷರಗಳು ದುಂಡಗೆ ಉಬ್ಬಿರುತ್ತವೆ, ಅಕ್ಷರದ ತುದಿಗಳು ಸೀಳಿದಂತೆ ಕಾಣುತ್ತವೆ, ಮತ್ತು ಅದೇ ಅಚ್ಚಿನಿಂದ ಬಂದ ಬೇರೆ ನಾಣ್ಯಗಳಲ್ಲೂ ಅದೇ ಸ್ಥಳದಲ್ಲಿ ಹಾಗೆಯೇ ಇರುತ್ತದೆ. ಭೇದ ಎಂಬ ಪದವನ್ನು ನಾನು ಇಂಥವಕ್ಕೆ ಮೀಸಲಿಡುತ್ತೇನೆ: ಅದು ಅಚ್ಚಿನಲ್ಲಿದೆ, ಆದ್ದರಿಂದ ಮರುಕಳಿಸುತ್ತದೆ. ಪೆಟ್ಟಿನ ದೋಷ ಆ ಒಂದು ನಾಣ್ಯದ್ದು.

ಗೆರೆ ಕಂಡರೆ ಅದು ಉಬ್ಬಿದೆಯೋ ತಗ್ಗಿದೆಯೋ ನೋಡಿ. ಅಚ್ಚು ಬಿರಿದಾಗ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದಲ್ಲಿ ಉಬ್ಬುಗೆರೆ ಮೂಡುತ್ತದೆ, ಅಚ್ಚಿನ ಅಂಚೇ ಮುರಿದು ಬಿದ್ದಿದ್ದರೆ ದಂಡೆಗೆ ಅಂಟಿದ ಲೋಹದ ಮುದ್ದೆ ಕಾಣುತ್ತದೆ. ತಗ್ಗಿದ ಗೆರೆ ಹೆಚ್ಚಾಗಿ ಗೀರು. ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ ತಂತಿಯೋ ಸಿಕ್ಕಿ ತಗ್ಗು ಬಿದ್ದಿರುವುದೂ ಉಂಟು, ಆದರೆ ಅದರ ತಳ ನಯವಾಗಿರುತ್ತದೆ ಮತ್ತು ಬದಿಗೆ ಲೋಹ ಎದ್ದಿರುವುದಿಲ್ಲ. ಮೊಳೆಯಿಂದ ಗೀರಿದರೆ ನೇಗಿಲು ಹೋದ ಸಾಲಿನಂತೆ ಎರಡೂ ಕಡೆ ಮಣ್ಣು ಎದ್ದ ಹಾಗೆ ಲೋಹ ಎದ್ದಿರುತ್ತದೆ.

ಗಣರಾಜ್ಯದ ನಾಣ್ಯವನ್ನು ನೇರವಾಗಿ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂಭಾಗವೂ ನೇರವಾಗಿಯೇ ನಿಲ್ಲಬೇಕು. ಓರೆಯಾಗಿದ್ದರೆ ಅಚ್ಚು ತಿರುಗಿದೆ ಎಂದರ್ಥ. ಸ್ವಲ್ಪ ಓರೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅರ್ಧ ಸುತ್ತು ತಿರುಗಿದ್ದರೆ ಎತ್ತಿಡುತ್ತೇನೆ. ಹತ್ತು ರೂಪಾಯಿಯ ನಡುಬಿಲ್ಲೆ ಕಾಣೆಯಾಗಿದ್ದರೆ ಉಂಗುರದ ಒಳ ಅಂಚನ್ನು ನೋಡಬೇಕು. ನಡುಬಿಲ್ಲೆ ಇಲ್ಲದೆಯೇ ಪೆಟ್ಟು ಬಿದ್ದಿದ್ದರೆ ಲೋಹ ತೂತಿನ ಕಡೆಗೆ ಹರಿದಿರುತ್ತದೆ. ಸುತ್ತಿಗೆಯಿಂದ ಬಡಿದು ಬಿಡಿಸಿದ್ದರೆ, ಎರಡು ಲೋಹ ಒಂದಕ್ಕೊಂದು ಕಚ್ಚಿಕೊಂಡಿದ್ದ ಗುರುತು ಒಳ ಅಂಚಿನಲ್ಲಿ ಉಳಿದೇ ಉಳಿಯುತ್ತದೆ. ಚಿನ್ನದ ಬಣ್ಣದ ಒಂದು ರೂಪಾಯಿ, ಆಮ್ಲದಲ್ಲಿ ಅದ್ದಿ ಹಪ್ಪಳದಂತೆ ತೆಳುವಾಗಿಸಿದ ಐದು ರೂಪಾಯಿ, ರೈಲು ಹಳಿಯ ಮೇಲಿಟ್ಟು ಅಗಲ ಮಾಡಿದ್ದು: ಇವುಗಳ ಬಗ್ಗೆ ಬರೆಯಲು ಏನೂ ಇಲ್ಲ.

ತೂಕದ ವಿಷಯದಲ್ಲಿ ಈ ಅಂಕಿಗಳು ನೆನಪಿನಲ್ಲಿರಲಿ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 4.85 ಗ್ರಾಂ, 25 ಮಿ.ಮೀ. ಅದೇ ವರ್ಷ ಆರಂಭವಾದ ಹನ್ನೊಂದು ಮೂಲೆಯ, ತಾಮ್ರ ಮತ್ತು ನಿಕಲ್ ಮಿಶ್ರಣದ ಎರಡು ರೂಪಾಯಿ 6 ಗ್ರಾಂ, 26 ಮಿ.ಮೀ. ಅದೇ ಮಿಶ್ರಣದ ದಪ್ಪ ಐದು ರೂಪಾಯಿ 9 ಗ್ರಾಂ, 23 ಮಿ.ಮೀ. ಎರಡು ಲೋಹದ ಹತ್ತು ರೂಪಾಯಿ 7.71 ಗ್ರಾಂ, 27 ಮಿ.ಮೀ. ಒಂದರ ಚಿತ್ರ ಇನ್ನೊಂದರ ಬಿಲ್ಲೆಯ ಮೇಲೆ ಬಿದ್ದಿದೆ ಎಂದು ಹೇಳುವವರಿದ್ದರೆ ತಕ್ಕಡಿ ಮೊದಲು ಮಾತಾಡಲಿ.

ಬೆಳ್ಳಿ ರೂಪಾಯಿ ಅಸಲಿಯೇ

ಮಂಡ್ಯದ ಹತ್ತಿರದ ಹಳ್ಳಿಯೊಂದರ ಹಿರಿಯಾಕೆ ಐದು ರೂಪಾಯಿಗಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ತಂದಿದ್ದರು. “ನಮ್ಮತ್ತೆ ಕಾಲ್ದಿಂದ ಕಳಸ್ದಲ್ಲಿ ಮಡಗ್ತಾ ಬಂದಿವ್ನಿ ಕಣಪ್ಪ, ಇದ್ರಲ್ಲಿ ಖೋಟಾ ಹೆಂಗಾದದು?” ಎಂದರು. ಅರಿಶಿನದ ನೀರಿನಲ್ಲಿ ವರ್ಷವರ್ಷವೂ ಮುಳುಗಿ ಅಕ್ಷರಗಳ ಸಂದಿನಲ್ಲಿ ಹಳದಿ ಕೂತಿತ್ತು. ವಿಕ್ಟೋರಿಯಾ ರಾಣಿಯ ರೂಪಾಯಿ ಮೂರು, ಒಂದು 1944ರದು, ಇನ್ನೊಂದು 1901ರದು ಎಂದು ತೋರುವ ರಾಣಿಯದೇ ರೂಪಾಯಿ.

1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುತ್ತದೆ, ಆದ್ದರಿಂದ ತೂಕವೊಂದನ್ನೇ ನಂಬುವಂತಿಲ್ಲ. ಸಾಂದ್ರತೆಯನ್ನು ನೋಡಬೇಕು. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಆಗ ಕಾಣುವ ಅಂಕಿ ನಾಣ್ಯ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಹಳೆಯ ರೂಪಾಯಿಗೆ ಅದು ಸುಮಾರು 10.3 ಬರಬೇಕು.

ಮೊದಲ ಮೂರು ಸರಿಯಾಗಿಯೇ ಬಂದವು. 1944ರದು 11.60 ಗ್ರಾಂ ತೂಗಿ 1.22 ಗ್ರಾಂ ನೀರು ತಳ್ಳಿತು, ಅಂದರೆ 9.5. ಗಾಬರಿಯಾಗಬೇಕಿಲ್ಲ: 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು, ಉಳಿದದ್ದು ಹೆಚ್ಚಾಗಿ ತಾಮ್ರ. ಅಂಚಿನ ನಡುವೆ ಸುತ್ತಲೂ ಕೊರೆದ ಭದ್ರತಾ ಗೆರೆಯೂ ಸರಿಯಾಗಿತ್ತು, ಅದು ಅಸಲಿ. 1901ರದು 11.20 ಗ್ರಾಂ ತೂಗಿ 1.28 ಗ್ರಾಂ ನೀರು ತಳ್ಳಿತು. 8.75 ಎಂದರೆ ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್. ಲೂಪಿನಲ್ಲಿ ರಾಣಿಯ ಕೂದಲ ಎಳೆಗಳು ಸಾಬೂನು ಕರಗಿದಂತೆ ಮೊಂಡಾಗಿದ್ದವು, ಬಯಲಿನಲ್ಲಿ ಸೂಜಿಮೊನೆಯ ಗುಳಿಗಳಿದ್ದವು, ಅಂಚಿನಲ್ಲಿ ಎರಕದ ಎರಡು ಅರ್ಧಗಳು ಸೇರಿದ ಗೆರೆಯನ್ನು ಉಜ್ಜಿದ ಗುರುತಿತ್ತು. ಉಳಿದ ಮೂರರಲ್ಲಿ ಒಂದರ ಅಂಚಿನಲ್ಲಿ ಬೆಸುಗೆಯ ಕಲೆಯಿತ್ತು, ಯಾವುದೋ ಕಾಲದಲ್ಲಿ ಸರಕ್ಕೆ ಕೊಂಡಿ ಹಾಕಿಸಿ ತೆಗೆಸಿದ್ದು. ಇದು ಖೋಟಾ ಅಲ್ಲ, ಆದರೆ ಸಂಗ್ರಹಕ್ಕೆ ದೋಷವೇ.

ಅಯಸ್ಕಾಂತ ಹಿಡಿದಾಗ ಅಂಟಿಕೊಂಡ ಮಾತ್ರಕ್ಕೆ ನಕಲಿ ಎನ್ನಬಾರದು. 1947ರ ರೂಪಾಯಿಗಳು ಶುದ್ಧ ನಿಕಲ್ಲಿನವು, ಅವು ಅಂಟಬೇಕಾದದ್ದೇ. ಬೆಳ್ಳಿಯದು ಅಂಟಿದರೆ ಮಾತ್ರ ತೊಂದರೆ. ಕಲ್ಲಿನ ಮೇಲೆ ಬೀಳಿಸಿ ಟಣ್ ಎನ್ನಿಸುವ ಹಳೆಯ ಪರೀಕ್ಷೆಯನ್ನು ನಾನು ಮಾಡುವುದಿಲ್ಲ: ಬಿರುಕು ಬಿಟ್ಟ ಅಸಲಿಯೂ ಮಂಕಾಗಿ ಸದ್ದು ಮಾಡುತ್ತದೆ, ಮತ್ತು ಬೀಳಿಸಿದ್ದರಿಂದ ಅಂಚು ನಗ್ಗುತ್ತದೆ.

ಇಸವಿ ತಿದ್ದುವ ಮೋಸಕ್ಕೆ 1911 ಒಳ್ಳೆಯ ಉದಾಹರಣೆ. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಮೊಂಡು ಸೊಂಡಿಲಿನಿಂದಾಗಿ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದು ಅದನ್ನು ಹಿಂದಕ್ಕೆ ಪಡೆಯಲಾಯಿತು, 1912ರಿಂದ ಆನೆಯನ್ನು ತಿದ್ದಲಾಯಿತು. ಆದ್ದರಿಂದ 1911 ಎಂದಿದ್ದೂ ಆನೆ ಚೆನ್ನಾಗಿಯೇ ಇದ್ದರೆ ಇಸವಿಯ ಕೊನೆಯ ಅಂಕಿಯನ್ನು ಲೂಪಿನಲ್ಲಿ ನೋಡಲೇಬೇಕು. ಅಪರೂಪದ 1939ಕ್ಕಾಗಿ 1938ರ ಎಂಟನ್ನು ಒಂಬತ್ತಾಗಿ ಕೆರೆಯುವುದೂ ಇದೇ ಜಾತಿಯ ಕೆಲಸ. ಇಲ್ಲಿ ಸಾಂದ್ರತೆ ಸಹಾಯಕ್ಕೆ ಬರುವುದಿಲ್ಲ, ಎರಡರದೂ ಒಂದೇ ಲೋಹ. ಕೆರೆದ ಅಂಕಿಯ ಸುತ್ತಲಿನ ಬಯಲಿನ ಹೊಳಪು ಬೇರೆಯಾಗಿರುತ್ತದೆ ಎಂಬುದೊಂದೇ ಸುಳಿವು.

ಹುಟ್ಟೇ ಇಲ್ಲದ ನಾಣ್ಯಗಳು

ಶ್ರೀರಾಮ ಪಟ್ಟಾಭಿಷೇಕದ ಅಥವಾ ಹನುಮಂತನ ಚಿತ್ರವಿದ್ದು, ಈಸ್ಟ್ ಇಂಡಿಯಾ ಕಂಪನಿ ಎಂದೂ 1616, 1717 ಅಥವಾ 1818 ಎಂದೂ ಬರೆದಿರುವ ಬಿಲ್ಲೆಗಳನ್ನು ಪರೀಕ್ಷಿಸಲು ತಕ್ಕಡಿಯೂ ಬೇಡ. ಕಂಪನಿ ಅಂಥ ಅರ್ಧಾಣೆಯನ್ನು ಟಂಕಿಸಿಯೇ ಇಲ್ಲ. ಅಸಲಿ ಎಂಬುದೇ ಇಲ್ಲದ ಮೇಲೆ ಇವು ನಕಲಿಯೂ ಅಲ್ಲ, ಬರೀ ಕಲ್ಪನೆ. ಇವುಗಳ ಬೆನ್ನಿಗೇ ಅಕ್ಕಿ ಎಳೆಯುವ ನಾಣ್ಯದ ಕಥೆ ಬರುತ್ತದೆ, ‘ರೈಸ್ ಪುಲ್ಲಿಂಗ್’ ಎಂದರೆ ಎಲ್ಲರಿಗೂ ಗೊತ್ತು. ಕಬ್ಬಿಣದ ಪುಡಿ ಸೇರಿಸಿದ ಅಕ್ಕಿ, ಒಳಗೆ ಅಡಗಿಸಿದ ಅಯಸ್ಕಾಂತ, ಇಷ್ಟೇ ಅದರ ಮರ್ಮ. ಪರೀಕ್ಷೆಗೆ ಅವರ ಅಕ್ಕಿ ಬೇಡ, ನಮ್ಮ ಮನೆಯ ಡಬ್ಬದಿಂದ ತರುತ್ತೇವೆ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಟಿಪ್ಪು ಪೈಸೆಯ ನಕಲುಗಳು ಮಾತ್ರ ನಿಜಕ್ಕೂ ತಲೆಕೆಡಿಸುತ್ತವೆ. ಅಸಲಿ ಕಿಲುಬು ಲೋಹದೊಳಗಿಂದ ಬೆಳೆದು ಗಟ್ಟಿಯಾಗಿ ಕೂತಿರುತ್ತದೆ, ಬಿದಿರಿನ ಹಲ್ಲುಕಡ್ಡಿಗೆ ಜಗ್ಗುವುದಿಲ್ಲ. ಹಚ್ಚಿದ ಹಸಿರು ಪುಡಿಯಾಗಿ ಉದುರುತ್ತದೆ, ಮತ್ತು ಕೈಗೆ ತಾಗಿ ಸವೆಯಬೇಕಾದ ಉಬ್ಬು ಭಾಗಗಳ ಮೇಲೂ ಸಮನಾಗಿ ಹರಡಿರುತ್ತದೆ. ಒಂದೇ ಸಲ ಹಲವು ಪೈಸೆ ಸಿಕ್ಕರೆ ಸಾಲಾಗಿ ಜೋಡಿಸಿ. ಕೈಪೆಟ್ಟಿನ ಎರಡು ನಾಣ್ಯಗಳು ಒಂದೇ ಜಾಗದಲ್ಲಿ ಕತ್ತರಿಸಿ, ಒಂದೇ ಕಡೆ ಬಿರಿದು, ಒಂದೇ ಕಡೆ ನಗ್ಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಅವು ಒಂದೇ ಎರಕದ ಮಕ್ಕಳು. ಕಂಠೀರವ ನರಸರಾಜ ಒಡೆಯರ (1638–1659) ನರಸಿಂಹ ಮುದ್ರೆಯ, ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಸಿಕ್ಕರೆ ಮನೆಯ ತಕ್ಕಡಿಯನ್ನು ಬದಿಗಿಡಿ. ಗ್ರಾಮಿನ ಮೂರನೆಯ ಒಂದು ಪಾಲಿನಷ್ಟಿರುವ ನಾಣ್ಯದಲ್ಲಿ 0.01 ಗ್ರಾಂ ವ್ಯತ್ಯಾಸವೇ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅಶೋಕ ರಸ್ತೆಯಂಥ ಕಡೆ ಚಿನಿವಾರರ ಬಳಿ ಮಿಲಿಗ್ರಾಂ ತೂಗುವ ತಕ್ಕಡಿ ಇರುತ್ತದೆ, ಒರೆಗಲ್ಲಿಗೆ ಮಾತ್ರ ಉಜ್ಜಲು ಬಿಡಬೇಡಿ.

ಪರೀಕ್ಷೆ ಮುಗಿದ ಮೇಲೆ ಪ್ರತಿ ನಾಣ್ಯದ ಲಕೋಟೆಯ ಮೇಲೆ ತೂಕ, ವ್ಯಾಸ, ತಳ್ಳಿದ ನೀರು, ಟಂಕಸಾಲೆಯ ಗುರುತು ಮತ್ತು ಯಾವ ಘಟ್ಟದ ದೋಷ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ. ಪೆನ್ಸಿಲ್ ಏಕೆಂದರೆ, ನನ್ನ ಲಕೋಟೆಗಳಲ್ಲಿ ನಾಲ್ಕನೆಯ ಘಟ್ಟ ಎಂದು ಬರೆದಿದ್ದ ಕೆಲವನ್ನು ಜೋಡಿ ನಾಣ್ಯ ಸಿಕ್ಕ ಮೇಲೆ ಅಳಿಸಿ ಎರಡನೆಯದೆಂದು ತಿದ್ದಿದ್ದೇನೆ. ಹಾಗೆಯೇ ಅದಕ್ಕೆ ವಿರುದ್ಧವಾಗಿ ತಿದ್ದಿದವು ಅದಕ್ಕಿಂತ ಹೆಚ್ಚಿವೆ.